ಹತ್ತು ಮನೆಗೆ ಒಂದೇ ಮೆಷಿನ್

“ಒಂದು ಸೆಟ್ಟಾ, ಎರಡಾ?” ದಫೇದಾರಮ್ಮ ಕೇಳಿದಳು.

“ಒಂದೇ ಸಾಕು ಮೇಡಂ. ಸ್ವಲ್ಪ ಬೇಗ ಆದ್ರೆ ಒಳ್ಳೇದು. ನಾಳೆ ಫೈಲು ಹೆಡ್ ಆಫೀಸಿಗೆ ಹೋಗ್ಬೇಕು.”

ಸಾಲದ ಕಂಪನಿಯ ಹುಡುಗ ಮಂಗಳವಾರದ ಸರ್ ಕೌಂಟರಿನ ಆಚೆ ನಿಂತು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ದಾಟಿಸುತ್ತಿದ್ದ. ದಫೇದಾರಮ್ಮ ಎರಡು ಸೆಟ್ ಎಂದು ಒತ್ತಿದಳು. ಮೂವತ್ತೆರಡು ವರ್ಷ ಪೊಲೀಸ್ ಠಾಣೆಯಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಜೆರಾಕ್ಸ್ ಅಂಗಡಿ ಇಟ್ಟ ಹೆಂಗಸು. ಯಾರ ಕಾಗದವಾದರೂ ಒಂದು ಪ್ರತಿ ತನ್ನ ಹತ್ತಿರ ಇರಲಿ ಅನ್ನುವ ಚಟ ಸಮವಸ್ತ್ರ ಕಳಚಿದ ದಿನ ಕಳಚಿ ಬಿದ್ದಿರಲಿಲ್ಲ. ತಪ್ಪು ಅಂದರೆ ತಪ್ಪೇ. ಅವಳೇನೂ ಅದನ್ನು ಒಪ್ಪಿಕೊಳ್ಳಲು ಹೋಗುವವಳಲ್ಲ.

ಪ್ರಿಂಟರ್ ಹಾಳೆಗಳನ್ನು ಒಂದೊಂದಾಗಿ ಹೊರಗೆ ಹಾಕತೊಡಗಿತು. ಪ್ರತಿ ಹಾಳೆಯಲ್ಲೂ ಒಬ್ಬ ಹೆಂಗಸು, ಅವಳ ಪಕ್ಕ ಒಂದು ಹೊಲಿಗೆ ಮೆಷಿನ್, ಹಿಂದೆ ಒಂದು ಗೋಡೆ. ಕೊಟ್ಟ ಸಾಲದಲ್ಲಿ ಏನು ಕೊಂಡರು ಅನ್ನುವುದಕ್ಕೆ ಸಾಲದ ಕಂಪನಿ ಕೇಳುವ ಸಾಕ್ಷಿ ಇಷ್ಟೇ.

ಅಡವಿಡಲು ಚೂರು ಚಿನ್ನವೂ ಇಲ್ಲದವರಿಗೆ ಸಾಲ ಕೊಡುವ ಕಂಪನಿ ಅದು. ಚಿನ್ನದ ಬದಲು ಅಕ್ಕಪಕ್ಕದವರನ್ನೇ ಅಡವಿಡಿಸಿಕೊಳ್ಳುತ್ತದೆ. ಹತ್ತು ಹೆಂಗಸರದು ಒಂದು ಗುಂಪು. ಒಬ್ಬಳು ಕಂತು ತಪ್ಪಿಸಿದರೆ ಉಳಿದ ಒಂಬತ್ತು ಜನ ಕಟ್ಟಬೇಕು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಓಣಿಯ ಒಂದು ಜಗುಲಿಯಲ್ಲಿ ಚಾಪೆ ಹಾಸಿ ಐದೈದು ಜನ ಎರಡು ಸಾಲಾಗಿ ಕೂರುತ್ತಾರೆ. ಯಾರ ಜಾಗ ಎಲ್ಲಿ ಅನ್ನುವುದು ಮೊದಲ ವಾರವೇ ಗೊತ್ತಾಗಿ ಹೋಗಿರುತ್ತದೆ. ಕೊನೆಯ ನೋಟು ಬೀಳುವ ತನಕ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ. ವಸೂಲಿಗೆ ಬರುವ ಈ ಹುಡುಗನಿಗೆ ತಂದೆ ತಾಯಿ ಏನು ಹೆಸರಿಟ್ಟಿದ್ದರೋ, ಓಣಿಗೆ ಮಾತ್ರ ಅವನು ಮಂಗಳವಾರದ ಸರ್.

ಆ ಗುಂಪಿನ ಲೀಡರು ಕಾಜಕ್ಕ ಮಾಯವಾಗಿ ಇವತ್ತಿಗೆ ಹದಿಮೂರು ದಿನ.

ಅಂಗಿಗಳಿಗೆ ಕಾಜ ಹಾಕಿ, ಗುಂಡಿ ಹೊಲಿದು ಬದುಕುತ್ತಿದ್ದವಳಾದ್ದರಿಂದ ಅವಳು ಕಾಜಕ್ಕ. ಹತ್ತೂ ಜನರ ಎರಡನೇ ಸಾಲದ ದುಡ್ಡು ಬಾಚಿಕೊಂಡು ಕಾಲಿಗೆ ಬುದ್ಧಿ ಹೇಳಿದಳು ಎಂದು ಓಣಿ ತೀರ್ಪು ಕೊಟ್ಟಾಗಿತ್ತು. ಅವಳ ಹತ್ತೊಂಬತ್ತು ವರ್ಷದ ಮಗಳು ಮಾತ್ರ ಹೋದ ಬುಧವಾರ ಅಂಗಡಿಯ ಮೆಟ್ಟಿಲ ಮೇಲೆ ಕೂತು, “ನಮ್ಮಮ್ಮ ಒಂದು ಗುಂಡಿ ಕಮ್ಮಿ ಬಿದ್ರೆ ಮೂರು ಬೀದಿ ನಡೆದು ಹೋಗಿ ವಾಪಸ್ ಕೊಟ್ಟು ಬರೋಳು ದೊಡ್ಡಮ್ಮ, ಹುಡುಕಿಕೊಡಿ” ಎಂದು ಅತ್ತಿದ್ದಳು. ನಾಳೆ ಮಂಗಳವಾರ. ಏಳು ಗಂಟೆಯ ಸಭೆಯಲ್ಲಿ ಆ ಹುಡುಗಿಯ ಹೊಲಿಗೆ ಮೆಷಿನ್ ಮಾರಲು ತೀರ್ಮಾನವಾಗುತ್ತದೆ. ಅವಳ ತಾಯಿ ಕಳ್ಳಿ ಎಂದು ಠಾಣೆಗೆ ಬರೆದುಕೊಡುವ ಕಾಗದಕ್ಕೆ ಸಹಿ ಬೀಳುತ್ತದೆ. ಅಷ್ಟರೊಳಗೆ ಕಾಜಕ್ಕ ಸಿಗಬೇಕು.

ದಫೇದಾರಮ್ಮನ ಚೀಲದಲ್ಲೊಂದು ನೋಟ್‌ಬುಕ್ ಇತ್ತು. ಅದರಲ್ಲಿ ಹತ್ತು ಹೆಸರು, ಚಾಪೆಯ ಮೇಲೆ ಕೂರುವ ಕ್ರಮದಲ್ಲಿ. ಎಂಟು ಜನರನ್ನು ಮಾತಾಡಿಸಿಯಾಗಿತ್ತು. ಎಂಟೂ ಜನ ಒಂದಕ್ಷರ ಆಚೀಚೆ ಇಲ್ಲದೆ ಒಂದೇ ಮಾತು ಹೇಳಿದ್ದರು: “ಎಣಿಸಿ ಕೊಡ್ತೀನಿ ಅಂತ ಇಸ್ಕೊಂಡು ಹೋದ್ಳು, ಮತ್ತೆ ಮುಖ ತೋರಿಸಲಿಲ್ಲ.” ಎಂಟು ಜನ ಸೇರಿ ಬಾಯಿಪಾಠ ಮಾಡದೆ ಹಾಗೆ ಹೇಳಲು ಬರುವುದಿಲ್ಲ. ಒಂಬತ್ತನೆಯದು ಕಾಜಕ್ಕನ ಹೆಸರು. ಉಳಿದ ಒಂದು ಹೆಸರು ದಫೇದಾರಮ್ಮನ ಸ್ವಂತ ತಂಗಿಯದು. ಅದರ ಮೇಲೆ ಮೊದಲ ದಿನವೇ ಗೆರೆ ಎಳೆದಿದ್ದಳು. ಒಂದೇ ಮನೆಯಲ್ಲಿ ಉಂಡು ಮಲಗುವವಳನ್ನು ವಿಚಾರಣೆ ಮಾಡುವುದಾದರೂ ಹೇಗೆ.

ನಾಲ್ಕನೆಯ ಹಾಳೆ ಬಂದಾಗ ದಫೇದಾರಮ್ಮನ ಕೈ ನಿಂತಿತು.

ಮೆಷಿನ್ನಿನ ಮರದ ಹಲಗೆಯ ಮುಂದಿನ ಅಂಚಿಗೆ ಉದ್ದಕ್ಕೆ ಇಂಚ್ ಟೇಪ್ ಅಂಟಿಸಿತ್ತು. ದರ್ಜಿಗಳು ಹಾಗೆ ಮಾಡುತ್ತಾರೆ, ವಿಶೇಷವೇನಲ್ಲ. ವಿಶೇಷವಿದ್ದದ್ದು ಇಪ್ಪತ್ತೆರಡರ ಮೇಲಿದ್ದ ಕೆಂಪು ಚುಕ್ಕೆಯಲ್ಲಿ. ಅವಳು ಹಿಂದಿನ ಮೂರು ಹಾಳೆಗಳನ್ನು ಮೇಲೆಳೆದುಕೊಂಡಳು. ಅಲ್ಲೂ ಚುಕ್ಕೆ. ಐದನೆಯದರಲ್ಲಿ, ಆರನೆಯದರಲ್ಲಿ, ಎಲ್ಲದರಲ್ಲೂ.

ಬುಧವಾರ ಕಾಜಕ್ಕನ ಮನೆಗೆ ಹೋದಾಗ ಆ ಚುಕ್ಕೆ ನೋಡಿ ಇದೇನೇ ಎಂದು ಕೇಳಿದ್ದಳು. “ಉಗುರು ಬಣ್ಣ ದೊಡ್ಡಮ್ಮ. ತೋಳಿನ ಅಳತೆ ಇಪ್ಪತ್ತೆರಡು. ಪ್ರತಿಸಲ ನಂಬರ್ ಹುಡುಕೋಕೆ ಬೇಜಾರು” ಎಂದಿದ್ದಳು ಮಗಳು.

ದಫೇದಾರಮ್ಮ ಎದ್ದು ಬಂದು ಅಂಗಡಿಯ ಅರ್ಧ ಬಾಗಿಲು ಎಳೆದಳು.

“ಕೂತ್ಕೊಳ್ಳಿ ಸರ್.”

“ಇಲ್ಲ ಮೇಡಂ, ಹೊತ್ತಾಯ್ತು.”

“ಕೂತ್ಕೋಪ್ಪ” ಎಂದಳು. ಸರ್ ಹೋಗಿ ಅಪ್ಪ ಬಂದದ್ದನ್ನು ಹುಡುಗ ಗಮನಿಸಿದ. ಸ್ಟೂಲಿನ ತುದಿಯಲ್ಲಿ ಕೂತ.

ಅವಳು ಹತ್ತು ಹಾಳೆಗಳನ್ನು ಕೌಂಟರಿನ ಮೇಲೆ ಸಾಲಾಗಿ ಹರಡಿದಳು. ಪೆನ್ಸಿಲ್ಲಿನ ತುದಿಯಿಂದ ಹತ್ತು ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದಳು. ಅವಸರ ಮಾಡಲಿಲ್ಲ. ತಪ್ಪು ಮಾಡಿದವನಿಗೆ ಎಣಿಕೆ ಕೇಳಿಸಬೇಕು ಅನ್ನುವುದು ಅವಳ ಹಳೆಯ ಪದ್ಧತಿ.

“ಹತ್ತು ಮನೆ. ಹತ್ತು ಸಾಲ. ಮೆಷಿನ್ ಎಷ್ಟು?”

ಹುಡುಗ ಹೆಲ್ಮೆಟ್ಟನ್ನು ಮಡಿಲಿಗೆ ಎಳೆದುಕೊಂಡ.

“ನಿನ್ನ ಬಾಯಲ್ಲೇ ಬರಲಿ.”

“ಒಂದು” ಎಂದ ಅವನು.

“ಯಾರದ್ದು?”

“ಲೀಡರ್ ಮನೇದು. ಅವ್ರ ಮಗಳದ್ದು.” ಹೆಲ್ಮೆಟ್ಟನ್ನು ಕೊನೆಗೂ ನೆಲದ ಮೇಲಿಟ್ಟ. “ಒಂದೇ ಕೋಣೆಲಿ ತೆಗೆದೆ ಮೇಡಂ. ಗೋಡೆ ಬದಲಾಯಿಸ್ಕೊಂಡು, ಪರದೆ ಬದಲಾಯಿಸ್ಕೊಂಡು. ಒಬ್ಬೊಬ್ಬರಾಗಿ ಬಂದು ನಿಂತ್ರು. ಒಂಬತ್ತು ದಿನದ ಹಿಂದೆ, ಶನಿವಾರ. ಆ ದಿನವೇ ಪ್ರಿಂಟ್ ಹಾಕಿಸೋಣ ಅಂತ ಬಂದಿದ್ದೆ, ನಿಮ್ಮ ಅಂಗಡಿ ಮುಚ್ಚಿತ್ತು.”

ಮುಚ್ಚಿತ್ತು, ನಿಜ. ಪಿಂಚಣಿ ಕಚೇರಿಯ ಕೆಲಸಕ್ಕೆಂದು ಆ ಶುಕ್ರವಾರ ಪಕ್ಕದ ಊರಿಗೆ ಹೋದವಳು ಸೋಮವಾರ ಸಂಜೆಯೇ ಹಿಂದಿರುಗಿದ್ದು.

“ಉಳಿದವರು ಯಾರೂ ಮೆಷಿನ್ ಕೊಳ್ಳಲಿಲ್ವಾ?”

“ಯಾರೂ ಏನೂ ಕೊಳ್ಳಲಿಲ್ಲ.”

“ಹಾಗಾದ್ರೆ ದುಡ್ಡು?”

ಹುಡುಗ ಬಾಗಿಲ ಕಡೆ ನೋಡಿದ. ಬಾಗಿಲು ಅರ್ಧ ಮುಚ್ಚಿತ್ತು, ಅರ್ಧಕ್ಕೆ ದಫೇದಾರಮ್ಮ ನಿಂತಿದ್ದಳು.

“ಲೀಡರಿಗೆ ಒಂದು ಆರ್ಡರ್ ಸಿಕ್ಕಿತ್ತು ಮೇಡಂ. ಯಾವುದೋ ಆಸ್ಪತ್ರೆ ಸಿಬ್ಬಂದಿಗೆ ಆರುನೂರು ಮೇಲಂಗಿ. ಬಟ್ಟೆ ಕೊಳ್ಳೋಕೇ ಒಂದು ಗಂಟು ಬೇಕು. ನಂಗೆ ಕೇಳಿದ್ರು. ನಮ್ಮ ಕಂಪನೀಲಿ ಒಬ್ಬರಿಗೆ ಇಷ್ಟೇ ಅಂತ ಇದೆ, ಒಂದು ಮೆಷಿನ್ ಬರುವಷ್ಟು. ಅದಕ್ಕಿಂತ ಮೇಲೆ ಕೊಡೋ ಹಾಗಿಲ್ಲ ಅಂದೆ. ಮುಂದಿನ ವಾರ ಚಾಪೆ ಮೇಲೆ ಒಂಬತ್ತು ಜನವೂ ಒಟ್ಟಿಗೆ ಬಾಯಿಬಿಟ್ರು, ನಮ್ಮೆಲ್ಲರ ಹೆಸರಲ್ಲೂ ಬರ್ಕೊಳ್ಳಿ ಅಂತ.”

“ಅವರಾಗೇ?”

“ಅವರಾಗೇ. ಆರುನೂರು ಅಂಗಿ ಅಂದ್ರೆ ಎಲ್ಲರಿಗೂ ಕೆಲಸ. ಕೆಲವರಿಗೆ ಕತ್ತರಿಸೋದು, ಕೆಲವರಿಗೆ ಹೊಲಿಯೋದು, ಇಸ್ತ್ರಿ. ಕಂತು ಎಲ್ಲಾ ಲೀಡರೇ ಕಟ್ಟೋದು ಅಂತ ಮಾತಾಯ್ತು. ಸಹಿ ಹತ್ತು ಜನದ್ದು, ದುಡ್ಡು ಒಬ್ಬರ ಕೈಗೆ. ನಂಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ ಬರ್ಕೊಂಡೆ. ಆ ತಿಂಗಳು ಹತ್ತು ಹೊಸ ಸಾಲ ತೋರಿಸದಿದ್ರೆ ನನ್ನ ಕೆಲಸ ಹೋಗ್ತಿತ್ತು.”

ದಫೇದಾರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂಬತ್ತು ಹೆಂಗಸರು ಮೋಸ ಹೋದದ್ದಲ್ಲ, ಒಬ್ಬಳನ್ನು ನಂಬಿ ತಾವಾಗಿಯೇ ಹೆಸರು ಕೊಟ್ಟದ್ದು. ಅವಳು ಕಾಣೆಯಾದ ಮೇಲೆ ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಿದರೆ ತಾವೂ ಸುಳ್ಳು ಸಹಿಯ ಪಾಲುದಾರರು. ಅದಕ್ಕೇ ಆ ಬಾಯಿಪಾಠ.

“ಈ ಸಾಲ ಅನ್ನೋದೇ ಸುಳ್ಳು ಅಂತ ನೀವು ತಿಳ್ಕೋಬೇಡಿ” ಎಂದ ಹುಡುಗ. ಯಾರೂ ಹಾಗೆ ಅಂದಿರಲಿಲ್ಲ. “ನಮ್ಮಮ್ಮ ಇಂಥದ್ದೇ ಚಾಪೆ ಮೇಲೆ ಕೂತು ಸಾಲ ತಗೊಂಡು ಒಂದು ಇಸ್ತ್ರಿ ಗಾಡಿ ಇಟ್ಳು. ಆ ಗಾಡೀನೇ ನನ್ನ ಡಿಗ್ರಿ ಮಾಡಿಸ್ತು. ಕಣ್ಣಾರೆ ಕಂಡಿದ್ದೀನಿ, ಅದಕ್ಕೇ ಈ ಕೆಲಸಕ್ಕೆ ಸೇರಿದ್ದು.”

“ಇಸ್ತ್ರಿ ಗಾಡಿಗೆ ಆ ಸಾಲ ಸರಿಹೋಯ್ತು. ಆರುನೂರು ಅಂಗಿಗೆ ಸರಿಹೋಗಲಿಲ್ಲ. ಎಲ್ಲರ ಬಡತನಕ್ಕೂ ಒಂದೇ ಅಳತೆಯ ಅಂಗಿ ಹೊಲಿದ್ರೆ ಯಾರಿಗಾದ್ರೂ ಬಿಗಿಯಾಗದೆ ಇರುತ್ತಾ?”

ಹುಡುಗ ತಲೆ ತಗ್ಗಿಸಿದ. ಇಂಗು ತಿಂದ ಮಂಗನ ಮುಖ ಅಂತ ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ.

ಅವಳು ಕೊನೆಯ ಹಾಳೆಯನ್ನು ಅವನ ಮುಂದೆ ತಳ್ಳಿದಳು.

“ಸರಿ. ಒಂಬತ್ತು ಜನರನ್ನ ಶನಿವಾರ ನಿಲ್ಲಿಸ್ದೆ. ಇವಳನ್ನ ಎಲ್ಲಿಂದ ತಂದೆ?”

ಹತ್ತನೆಯ ಹಾಳೆಯಲ್ಲಿ ಇದ್ದವಳು ಕಾಜಕ್ಕ.

ಎಡಗೈಯನ್ನು ಮೆಷಿನ್ನಿನ ಮೇಲಿಟ್ಟು ನಿಂತಿದ್ದಳು. ಬಲಗೈಗೆ ಮಣಿಕಟ್ಟಿನಿಂದ ಬೆರಳಿನ ತನಕ ಬಿಳಿ ಬಟ್ಟೆಯ ಪಟ್ಟಿ ಕಟ್ಟಿತ್ತು. ಮುಖದಲ್ಲಿ ಭಯವಿರಲಿಲ್ಲ, ತುಂಬಾ ದಣಿವಿತ್ತು. ಕಣ್ಣು ಕ್ಯಾಮೆರಾದ ಮೇಲಿರದೆ ಸ್ವಲ್ಪ ಮೇಲೆ, ಫೋಟೋ ತೆಗೆಯುತ್ತಿದ್ದವರ ಮುಖದ ಮೇಲಿತ್ತು. ಪರಿಚಯದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

“ಅದನ್ನ ನಾನು ತೆಗೀಲಿಲ್ಲ ಮೇಡಂ.”

“ಮತ್ತೆ?”

“ಲೀಡರ್ ನಂಬರಿಂದ ಬಂತು. ಭಾನುವಾರ ಮಧ್ಯಾಹ್ನ, ನಾನು ಆ ಒಂಬತ್ತು ತೆಗೆದ ಮಾರನೇ ದಿನ.” ಫೋನು ತೆಗೆದು ತೋರಿಸಿದ. ಫೋಟೋದ ಕೆಳಗೆ ಒಂದು ಸಾಲು ಬರೆದಿತ್ತು: ನಿಮ್ಮ ಫೈಲು ಭರ್ತಿಯಾಯಿತಲ್ಲ ಸರ್, ಇನ್ನು ಯಾರಿಗೂ ದೂರು ಕೊಡಬೇಡಿ. “ತಕ್ಷಣ ಫೋನ್ ಮಾಡ್ದೆ. ಸ್ವಿಚ್ ಆಫ್. ಯಾವುದೋ ಹಳೇ ಫೋಟೋ ಕಳಿಸಿದ್ದಾರೆ, ಇವತ್ತಲ್ಲ ನಾಳೆ ಬರ್ತಾರೆ ಅಂದ್ಕೊಂಡು ಸುಮ್ಮನಾದೆ. ಫೈಲಿಗೂ ಒಂದು ಕಮ್ಮಿ ಇತ್ತಲ್ಲ.”

“ಒಂದು ಕಮ್ಮಿ ಇದೆ ಅಂತ ಯಾರ್ಯಾರಿಗೆ ಗೊತ್ತಿತ್ತು?”

“ಬಂದು ನಿಂತೋರಿಗೆಲ್ಲಾ ಗೊತ್ತಿತ್ತು. ಆ ಒಂಬತ್ತು ಜನಕ್ಕೆ.”

ದಫೇದಾರಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಹುಡುಗ ತನ್ನ ಹಾಳೆಗಳನ್ನು ಜೋಡಿಸಿಕೊಂಡು ಎದ್ದ. ಬಾಗಿಲ ಹತ್ತಿರ ಹೋದವನು, ಹೋಗುವ ಮುಂಚೆ ಒಂದು ಒಳ್ಳೆಯ ಮಾತಾಡಿ ಹೋಗೋಣ ಅಂದುಕೊಂಡನೋ ಏನೋ, ತಿರುಗಿ ನಿಂತ.

“ನಿಮ್ಮ ತಂಗಿಯವರು ದೊಡ್ಡ ಮನಸ್ಸಿನವರು ಮೇಡಂ. ಹೋದ ಮಂಗಳವಾರ ಲೀಡರ್ ಪಾಲು ಯಾರು ಕಟ್ಟೋದು ಅಂತ ಚಾಪೆ ಮೇಲೆ ಜಗಳ ಎದ್ದಿತ್ತು. ಅವರು ಒಂದು ಮಾತಾಡದೆ ಪೂರ್ತಿ ತಾವೇ ಇಟ್ಬಿಟ್ರು.”

“ನಮ್ಮ ಮನೆಯವರೇ ಹಾಗೆ” ಎಂದಳು ದಫೇದಾರಮ್ಮ. ಒಳಗೆ ಒಂಚೂರು ಹೆಮ್ಮೆಯೂ ಆಯಿತು.

ಅವನ ಬೈಕಿನ ಸದ್ದು ದೂರವಾದ ಮೇಲೆ ತಾನಿಟ್ಟುಕೊಂಡ ಹತ್ತನೆಯ ಪ್ರತಿಯನ್ನು ಕಲರ್ ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಹಾಕಿ ನಾಲ್ಕು ಪಟ್ಟು ದೊಡ್ಡದು ಮಾಡಿದಳು. ಚಿತ್ರ ಚುಕ್ಕೆ ಚುಕ್ಕೆಯಾಗಿ ಒಡೆದರೂ ಕಾಣಬೇಕಾದದ್ದು ಕಂಡಿತು. ಅವಳು ಮೊದಲು ನೋಡಿದ್ದು ಗೋಡೆಯನ್ನು. ತಿಳಿ ನೀಲಿ ಸುಣ್ಣ. ಕಾಜಕ್ಕನ ತಲೆಯ ಮೇಲೆ, ಒಂದು ಮೊಳದ ಅಂತರದಲ್ಲಿ ಎರಡು ಮೊಳೆ. ಎರಡರ ಮೇಲೂ ಏನೂ ಇಲ್ಲ. ಅಗಲದ ಚೌಕಟ್ಟು ಯಾವುದನ್ನೋ ತೆಗೆದಿದ್ದಾರೆ ಎಂದುಕೊಂಡಳು.

ಆಮೇಲೆ ಇಂಚ್ ಟೇಪ್ ನೋಡಿದಳು.

ಕೆಂಪು ಚುಕ್ಕೆ ಇತ್ತು. ಆದರೆ ಈ ಟೇಪ್ ಒಂದರಿಂದ ಶುರುವಾಗಿರಲಿಲ್ಲ. ಎಡಗಡೆ ಬರೀ ಮರ, ಒಣಗಿದ ಅಂಟಿನ ಗುರುತು; ಟೇಪಿನ ಹರಿದ ತುದಿ, ಅದರ ಪಕ್ಕದಲ್ಲಿ ಮೊದಲ ಅಂಕಿ ಹದಿನಾಲ್ಕು. ಉಳಿದ ಒಂಬತ್ತು ಹಾಳೆಗಳನ್ನು ತೆಗೆದು ನೋಡಿದಳು. ಒಂಬತ್ತರಲ್ಲೂ ಟೇಪ್ ಒಂದರಿಂದಲೇ ಇತ್ತು, ಎಲ್ಲೂ ಹರಿದಿರಲಿಲ್ಲ.

ಅಂದರೆ ಇದು ಹಳೆಯ ಫೋಟೋ ಅಲ್ಲ. ಶನಿವಾರ ಆ ಒಂಬತ್ತು ಫೋಟೋ ತೆಗೆದ ಮೇಲೆ ಯಾವಾಗಲೋ ಟೇಪ್ ಹರಿದಿದೆ. ಹರಿದ ಮೇಲೆ ಕಾಜಕ್ಕ ಇದೇ ಮೆಷಿನ್ನಿನ ಪಕ್ಕ ನಿಂತಿದ್ದಾಳೆ. ಮಾಯವಾಗಿ ಐದು ದಿನವಾಗಿದ್ದ ಹೆಂಗಸು ತನ್ನ ಮಗಳ ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದಾಳೆ.

ಬುಧವಾರ ಮೆಟ್ಟಿಲ ಮೇಲೆ ಕೂತು ಅತ್ತ ಹುಡುಗಿಯ ಮುಖ ನೆನಪಾಯಿತು. ಅಳು ನಿಜವೋ ನಾಟಕವೋ ಅನ್ನುವುದು ತನಗೆ ಗೊತ್ತಾಗದೆ ಹೋಯಿತೇ?

ಅಂಗಡಿಗೆ ಬೀಗ ಹಾಕಿ ಹೊರಟಳು.

ಕಾಜಕ್ಕನ ಮನೆ ಅಂದರೆ ಒಂದು ಕೋಣೆ, ಹಿಂದೆ ಒಂದು ಅಡಿಗೆಯ ಮೂಲೆ. ಗೋಡೆಗಳು ಹಳದಿ. ದಫೇದಾರಮ್ಮ ಒಳಗೆ ಬಂದವಳೇ ನಾಲ್ಕೂ ಗೋಡೆ ನೋಡಿದಳು, ಎಲ್ಲೂ ನೀಲಿ ಇರಲಿಲ್ಲ. ಕಿಟಕಿಯ ಬೆಳಕಿಗೆ ಮೆಷಿನ್ ಹಾಕಿಕೊಂಡು ಮಗಳು ಹೊಲಿಯುತ್ತಿದ್ದಳು. ಬುಧವಾರದಂತೆಯೇ ಇವತ್ತೂ ಹಲಗೆಯ ಎಡಭಾಗದ ಮೇಲೆ ಹೊಲಿಯದ ಬಟ್ಟೆಯ ರಾಶಿ.

“ಬನ್ನಿ ದೊಡ್ಡಮ್ಮ. ಏನಾದ್ರೂ ಗೊತ್ತಾಯ್ತಾ?” ಎಂದು ಎದ್ದಳು. ಬಾಯಲ್ಲಿದ್ದ ದಾರದ ತುಂಡನ್ನು ಕೈಗೆ ತೆಗೆದುಕೊಂಡಳು. “ನಾಳೆ ಮೆಷಿನ್ ತಗೊಂಡು ಹೋಗೋದ್ರೊಳಗೆ ಇವನ್ನ ಮುಗಿಸಿಬಿಡೋಣ ಅಂತ ಬೆಳಿಗ್ಗೆಯಿಂದ ಎದ್ದಿಲ್ಲ.”

ದಫೇದಾರಮ್ಮ ಬಟ್ಟೆಯ ರಾಶಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಕೆಳಗೆ ಒಣಗಿದ ಅಂಟು, ಹರಿದ ತುದಿ, ಹದಿನಾಲ್ಕು.

ಚೀಲದಿಂದ ಫೋಟೋ ತೆಗೆದು ಹುಡುಗಿಯ ಕೈಗೆ ಕೊಟ್ಟಳು. ಕೊಟ್ಟು, ಅವಳ ಮುಖವನ್ನೇ ನೋಡುತ್ತಾ ನಿಂತಳು. ಮೂವತ್ತೆರಡು ವರ್ಷದಲ್ಲಿ ಎಷ್ಟೋ ಮುಖಗಳ ಮುಂದೆ ಹಾಗೆ ನಿಂತಿದ್ದಳು.

ಹುಡುಗಿ ಬೆರಳಿನಿಂದ ಆ ಬಿಳಿ ಪಟ್ಟಿಯನ್ನು ಸವರಿದಳು.

“ಬಲಗೈ ದೊಡ್ಡಮ್ಮ. ಕಾಜ ಹಾಕೋ ಕೈ. ಅಮ್ಮನ ಕೈಗೆ ಏನಾಗಿದೆ?”

ಅಮ್ಮ ಎಲ್ಲಿದ್ದಾಳೆ ಎಂದು ಕೇಳಲಿಲ್ಲ, ಯಾರು ತೆಗೆದರು ಎಂದೂ ಕೇಳಲಿಲ್ಲ. ಕೈಗೆ ಏನಾಗಿದೆ ಎಂದು ಕೇಳಿದಳು. ಅಷ್ಟರಲ್ಲೇ ದಫೇದಾರಮ್ಮನಿಗೆ ಈ ಹುಡುಗಿ ಸುಳ್ಳಿಯಲ್ಲ ಅನ್ನುವುದು ಖಾತ್ರಿಯಾಯಿತು. ಅನುಮಾನ ಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಹುಡುಗಿ ನಿಂತಲ್ಲೇ ಸದ್ದಿಲ್ಲದೆ ಅಳತೊಡಗಿದಳು. ದಫೇದಾರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಅಳು ತಗ್ಗುವ ತನಕ ಕಾದಳು.

“ನೋಡು ಮಗಳೇ. ಈ ಟೇಪ್ ಯಾವಾಗ ಹರೀತು?”

“ಟೇಪಾ?” ಹುಡುಗಿ ಮೂಗು ಒರೆಸಿಕೊಂಡಳು. “ಶನಿವಾರ. ಸರ್ ಫೋಟೋ ತೆಗೆದು ಹೋದ ಮೇಲೆ ಅವರೆಲ್ಲಾ ಸೇರಿ ಮೆಷಿನ್ ಎತ್ಕೊಂಡು ಹೋದ್ರಲ್ಲ, ಆಗ. ಬಾಗಿಲಲ್ಲಿ ಹಿಡಿಸಲಿಲ್ಲ, ಓರೆ ಮಾಡಿ ಎಳೆದ್ರು. ಚೌಕಟ್ಟಿಗೆ ಉಜ್ಜಿ ಕಿತ್ತು ಬಂತು.”

“ಎತ್ಕೊಂಡು ಹೋದ್ರಾ? ನೀನು ನಂಗೆ ಹೇಳಲೇ ಇಲ್ಲ.”

“ಸೋಮವಾರ ಮಧ್ಯಾಹ್ನ ವಾಪಸ್ ಕೊಟ್ರಲ್ಲ. ಹೊಲಿಯೋದು ಬಾಕಿ ಇದೆ, ಹೊಲಿದು ಸ್ವಲ್ಪನಾದ್ರೂ ಕಟ್ತೀನಿ ಅಂತ ಅತ್ತೂ ಕರೆದೂ ಕೇಳ್ಕೊಂಡೆ. ನಾನೂ ಮೆಷಿನ್ ಸಮೇತ ಓಡಿಹೋಗ್ತೀನಿ ಅಂತ ಅವರಿಗೆ ಹೆದರಿಕೆ. ಅಡವು ಇರಲಿ ಅಂತ ಎರಡು ದಿನ ಇಟ್ಕೊಂಡಿದ್ರು.”

ಶನಿವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನ. ಫೋಟೋ ಬಂದದ್ದು ಭಾನುವಾರ. ಹಾಗಿದ್ದರೆ ಮೆಷಿನ್ ಎಲ್ಲಿತ್ತೋ ಕಾಜಕ್ಕನೂ ಅಲ್ಲೇ ಇದ್ದಳು. ಹತ್ತು ಹೆಸರಿನ ಪಟ್ಟಿಯಲ್ಲಿ ಒಂದೇ ಹೆಸರು ಉಳಿಯುವ ಹೊತ್ತು ಬಂತು. ದಫೇದಾರಮ್ಮನಿಗೆ ಹಳೆಯ ದಿನಗಳ ಉತ್ಸಾಹ ಮೈಗೇರಿತು. ಸುಳ್ಳು ಹೇಳಬಾರದು, ಒಂದು ಗಳಿಗೆ ಖುಷಿಯೇ ಆಯಿತು.

“ಯಾರ ಮನೇಲಿ ಇಟ್ಟಿದ್ರು?”

ಹುಡುಗಿ ತಲೆಯೆತ್ತಿ ನೋಡಿದಳು. ಇವರು ಪರೀಕ್ಷೆ ಮಾಡುತ್ತಿದ್ದಾರೋ, ನಿಜವಾಗಿ ಕೇಳುತ್ತಿದ್ದಾರೋ ತಿಳಿಯಲಿಲ್ಲ.

“ನಿಮ್ಮನೇಲಿ ದೊಡ್ಡಮ್ಮ. ಹಿಂದಿನ ಕೋಣೇಲಿ. ಪೊಲೀಸಿನವರ ಮನೆ, ಯಾರೂ ಕೈ ಹಾಕೋಲ್ಲ ಅಂತ ನಿಮ್ಮ ತಂಗಿಯವರೇ ಹೇಳಿದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ದಫೇದಾರಮ್ಮ ಪಕ್ಕಕ್ಕಿಟ್ಟಿದ್ದ ಬಟ್ಟೆಯ ರಾಶಿಯನ್ನು ಮೊದಲಿನಂತೆ ಹಲಗೆಯ ಮೇಲಿಟ್ಟಳು. ತಾಯಿ ಬದುಕಿದ್ದಾಳೆ ಅನ್ನುವ ಒಂದು ಮಾತನ್ನಾದರೂ ಹುಡುಗಿಗೆ ಹೇಳಬಹುದಿತ್ತು. ಆದರೆ ಭಾನುವಾರ ಬದುಕಿದ್ದಳು ಅನ್ನುವುದಷ್ಟೇ ಅವಳಿಗೆ ಗೊತ್ತಿದ್ದದ್ದು. ಅದಾಗಿ ಎಂಟು ದಿನ ಕಳೆದಿತ್ತು.

“ಹೊಲಿತಾ ಇರು” ಎಂದಳು. “ನಾಳೆ ಏಳಕ್ಕೆ ಮುಂಚೆ ನಾನು ಬರ್ತೀನಿ.”

ಮನೆಗೆ ಐದು ನಿಮಿಷದ ದಾರಿ. ಇಪ್ಪತ್ತು ನಿಮಿಷ ನಡೆದಳು.

ಹಗಲೆಲ್ಲಾ ಅಂಗಡಿಯಲ್ಲಿರುವ ದಫೇದಾರಮ್ಮ ಆ ಹಿಂದಿನ ಕೋಣೆಗೆ ಕಾಲಿಡುವುದೇ ಅಪರೂಪ. ಅದು ತಂಗಿಯ ಕಾರ್ಖಾನೆ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದವಳು, ಮೂರು ವರ್ಷ ಅಕ್ಕನ ಕೈ ನೋಡಿ, ಆಮೇಲೆ ಮೊದಲ ಸಾಲ ತೆಗೆದು ಹತ್ತಿಯ ಮೂಟೆ ತರಿಸಿ ದಿಂಬು ತುಂಬಲು ಶುರು ಮಾಡಿದಳು. ಮೊದಲ ತಿಂಗಳ ದುಡಿಮೆಯಲ್ಲಿ ಅಕ್ಕನಿಗೆ ಒಂದು ಜೊತೆ ಚಪ್ಪಲಿ ತಂದುಕೊಟ್ಟಿದ್ದಳು. ಆ ದಿನ ಅವಳು ಬೆನ್ನು ನೆಟ್ಟಗೆ ಮಾಡಿ ನಡೆದದ್ದನ್ನು ದಫೇದಾರಮ್ಮ ಇವತ್ತಿಗೂ ಮರೆತಿಲ್ಲ. ಸವೆದರೂ ಅದೇ ಚಪ್ಪಲಿ ಈಗಲೂ ಕಾಲಲ್ಲಿತ್ತು.

ಸಂಜೆಯ ಬಿಸಿಲು ಕಿಟಕಿಯಲ್ಲಿ ಬರುತ್ತಿತ್ತು. ತಂಗಿ ನೆಲದ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ಕೂದಲಲ್ಲಿ, ರೆಪ್ಪೆಯ ಮೇಲೆ, ಎಲ್ಲಾ ಬಿಳಿ ಎಳೆ.

“ಇವತ್ತೇನು ಇಷ್ಟು ಬೇಗ? ಕಾಲು ತೊಳ್ಕೊಂಡು ಬಾ ಅಕ್ಕ, ಏನಾದ್ರೂ ಮಾಡಿಕೊಡ್ತೀನಿ.”

ದಫೇದಾರಮ್ಮ ಬಾಗಿಲಲ್ಲೇ ನಿಂತು ತಂಗಿಯ ತಲೆಯ ಮೇಲಿನ ಗೋಡೆ ನೋಡಿದಳು. ತಿಳಿ ನೀಲಿ. ಒಂದು ಮೊಳದ ಅಂತರದಲ್ಲಿ ಎರಡು ಮೊಳೆ. ಆ ಮೊಳೆಗಳನ್ನು ಹೊಡೆದವಳು ತಾನೇ. ನಿವೃತ್ತಿಯ ದಿನ ಠಾಣೆಯವರೆಲ್ಲಾ ಸಾಲಾಗಿ ನಿಂತು ತೆಗೆಸಿಕೊಂಡ ಅಗಲದ ಫೋಟೋ ಅಲ್ಲಿತ್ತು. ಅಂಗಡಿ ಇಟ್ಟಾಗ ಅದನ್ನು ತೆಗೆದುಕೊಂಡು ಹೋಗಿ ಅಲ್ಲಿ ತೂಗುಹಾಕಿದ್ದಳು. ಊರ ಗೋಡೆಗಳನ್ನೆಲ್ಲಾ ಓದಿದವಳಿಗೆ ತನ್ನ ಮನೆಯ ಗೋಡೆಯ ಗುರುತು ಸಿಕ್ಕಿರಲಿಲ್ಲ.

ಚೀಲದಿಂದ ಫೋಟೋ ತೆಗೆದು ಹತ್ತಿಯ ರಾಶಿಯ ಮೇಲೆ ಇಟ್ಟಳು.

ತಂಗಿ ನೋಡಿದಳು. ಗಾಬರಿಯಾಗಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನು ಪೂರ್ತಿ ಬಿಡಿಸಿ ರಾಶಿಗೆ ಸೇರಿಸಿದ ಮೇಲೆಯೇ ಮುಖ ಎತ್ತಿದಳು.

“ನೀನು ಕಂಡುಹಿಡೀತೀಯ ಅಂತ ಗೊತ್ತಿತ್ತು. ಇವತ್ತೇ ಅಂತ ಗೊತ್ತಿರಲಿಲ್ಲ.”

“ಅವಳ ಪಾಲಿನ ಕಂತು ಯಾಕೆ ಕಟ್ದೆ?”

“ಕಟ್ಟಬೇಕಾದೋಳು ನಾನೇ ಅಕ್ಕ. ಅದಕ್ಕೆ ಕಟ್ದೆ.”

“ಆ ಕೈಗೆ ಏನಾಯ್ತು?”

ತಂಗಿ ಫೋಟೋದ ಮೇಲೆ ಬಿದ್ದಿದ್ದ ಹತ್ತಿಯ ಎಳೆಯನ್ನು ತೆಗೆದಳು.

“ಅವಳು ಎಲ್ಲಿದ್ದಾಳೆ?”

“ಒಂದು ಮಾತು ಹೇಳು ಮೊದಲು.” ತಂಗಿಯ ದನಿ ನಡುಗಲಿಲ್ಲ. “ಈಗ ಕೇಳ್ತಿರೋಳು ನಮ್ಮಕ್ಕನೋ, ದಫೇದಾರಮ್ಮನೋ?”

“ಇಬ್ಬರಿಗೂ ಬೇರೆ ಬೇರೆ ಉತ್ತರ ಇಟ್ಕೊಂಡಿದ್ದೀಯಾ?”

“ಉತ್ತರ ಒಂದೇ. ದಫೇದಾರಮ್ಮ ಕೇಳಿಸ್ಕೊಂಡ್ರೆ, ಇನ್ನು ಮೇಲೆ ನೀನು ನನ್ನ ಮುಖ ನೋಡೋದಿಲ್ಲ. ನಮ್ಮಕ್ಕ ಕೇಳಿಸ್ಕೊಂಡ್ರೆ, ನಾಳೆ ಏಳು ಗಂಟೆಗೆ ಆ ಹುಡುಗಿ ಮುಖ ನೋಡೋಕೆ ನಿನ್ನ ಕೈಲಿ ಆಗೋದಿಲ್ಲ.”

ಹೊರಗೆ ಓಣಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ದಫೇದಾರಮ್ಮ ಹೋಗಿ ಬೀದಿ ಬಾಗಿಲಿನ ಚಿಲಕ ಹಾಕಿಕೊಂಡು ಬಂದಳು. ಚಪ್ಪಲಿ ಕಳಚಿ, ತಂಗಿಯ ಎದುರು ಹತ್ತಿಯ ನಡುವೆ ನೆಲದ ಮೇಲೆ ಕೂತಳು.